ಕುಂಚಿಗಿ

ಬಸ್ತ್ಯಾಂವ ಸಿದ್ದಿ ನನ್ನ ಅಂಗಡಿಗೆ ಬರೋದು
ವರ್ಷಕ್ಕ ಎರಡು ಸಲ.
ಗುಂಜಿ ಕಡೆ ಊರು, ಸೊಸಾಯ್ಟಿಯೊಳಗ ಲೆಕ್ಕ ಬರಿಯೋ ಕೆಲಸ.
ಬಿಳಿ ಅರಿವಿ, ತುಂಬುತೋಳು. ಮೇ ತಿಂಗಳಾದರೂ ತುಂಬುತೋಳು.
ಅಳತಿ ನನ್ನ ಟೇಪಿಗೆ ಬಾಯಿಪಾಠ:
ಎದಿ ನಲವತ್ತು, ತೋಳು ಇಪ್ಪತ್ತೈದೂವರಿ,
ಕಾಲರು ಗಟ್ಟಿ. ಕಿಸೆ ಮಾತ್ರ
ಆಧಾರ ಕಾರ್ಡಿನ ತುದಿ ಹೊರಗ ಕಾಣೋ ಹಂಗ.

ಯಾಕ್ರೀ ಹಂಗ, ಅಂತ ಒಮ್ಮೆ ಕೇಳಿದ್ದೆ.
"ಕಿಸೆದಾಗ ಕೈ ಹಾಕಿದ್ರ ಹೆದರ್ತಾರ್ರೀ, ಪಿಸೆಯವರ.
ಮೊದಲ ಕಂಡ್ರ ಛಲೋ."

ಬೂಟಿಗೆ ಪಾಲಿಶು, ಪ್ಯಾಂಟಿಗೆ ಕಡಕ್ ಇಸ್ತ್ರಿ.
ಅಷ್ಟಾದರೂ ಬಸ್‌ಸ್ಟ್ಯಾಂಡಿನ್ಯಾಗ
ಯಾವ ದೇಶದಾಂವ ಅಂತ ಹಿಂದಿಯೊಳಗ ಕೇಳ್ತಾರ.
ಖಾನಾಪುರ ತಾಲೂಕ್ರೀ, ಅಂದ್ರ ನಗತಾರ:
"ಕನ್ನಡ ಎಷ್ಟು ಚಂದ ಕಲ್ತಾನ ನೋಡ್ಲೇ!"
ಓಡಾಕ ಬರತೈತೇನು, ಡೋಲು ಬಾರಿಸ್ತೀಯೇನು, ಅಂತಾರ.
ಅವಗ ಬರೋದು ಚಕ್ರಬಡ್ಡಿ.

ಡಿಸೆಂಬರದಾಗ ಬಂದ. ಕೈಯಾಗ ಹೊಸ ಅರಿವಿ ಇರಲಿಲ್ಲ,
ರೆಡಿಮೇಡ್ ಜಾಕೀಟು, ಬೂದಿ ಬಣ್ಣ, ಹಿಂದ ಟೊಪ್ಪಿಗಿ.
ಮಗ ಇನಾಸಂದು. ಹದಿನೇಳು ವರ್ಷದಾಂವ,
ನಸಿಕಿನ್ಯಾಗ ಟ್ಯೂಶನ್ನಿಗೆ ಹೋಗ್ತಾನ,
ರೊಕ್ಕಾ ಕೂಡಿಸಿ ತಾನ ಕೊಂಡಾನ.
"ಇದನ್ನ ತಗದಬಿಡ್ರಿ" ಅಂದ, ಟೊಪ್ಪಿಗಿ ತೋರಿಸಿ,
ಹಲ್ಲಿನ ಡಾಕ್ಟರಿಗೆ ಹುಳುಕ ತೋರಿಸಿದಂಗ.

ಹೋದ ಮಂಗಳವಾರ, ಮಂಜಿನ್ಯಾಗ,
ಹಾಲು ತರಾಕ ಹೊಂಟ ಹೆಂಗಸು ಒಬ್ಬಾಕಿ ಚೀರಿದಳಂತ.
ಹುಡುಗ ಏನೂ ಮಾಡಿರಲಿಲ್ಲ. ನಡಕೋತ ಹೊಂಟಿದ್ದ.
ಅರ್ಧ ತಾಸು ನಿಲ್ಲಿಸಿದ್ರಂತ. ಪಾಸ್‌ಪೋರ್ಟ್ ತೋರ್ಸು, ಪಾಸ್‌ಪೋರ್ಟ್.
ಚೀಲದಾಗ ಇದ್ದದ್ದು ಭೌತಶಾಸ್ತ್ರ, ಒಂದು ಬಾಳಿಹಣ್ಣು.

"ನಾವು ಎಲ್ಲಾರಗಿಂತ ಒಂದು ಕೈ ಸ್ವಚ್ಛ ಇರಬೇಕ್ರಿ" ಅಂದ ಬಸ್ತ್ಯಾಂವ.
"ನಮ್ಮಪ್ಪ ಗೋಣಿಚೀಲ ಹೊದ್ದ, ಜನ ನಕ್ಕರು.
ಅದಕ್ಕ ನಾ ಕಾಲರ್ ಹಾಕಿದೆ, ಈಗ..."
ಮುಂದಿನ ಮಾತು ಗುಂಡಿ ಉದುರಿದಂಗ ಎಲ್ಲೋ ಉರುಳಿ ಹೋತು.

ನಾ ಬ್ಲೇಡ್ ತಗೊಂಡೆ.
ಮೂವತ್ತು ರೂಪಾಯಿ ಇಸಗೊಂಡೆ. ಅದನ್ನೂ ಇಲ್ಲಿ ಬರದಿಡಬೇಕು.

ಈ ಕೈ ಎಷ್ಟು ಕುಂಚಿಗಿ ಹೊಲಿದಾವು!
ಖಣದ್ದು, ಮಖಮಲ್ಲಿಂದು, ಜರದ ಅಂಚಿಂದು,
ಹಸಗೂಸಿನ ನೆತ್ತಿಗೆ ಗಾಳಿ ತಾಕಬಾರ್ದಂತ.
ಈ ಹುಡುಗಗೂ ನಾನ ಹೊಲಿದಿದ್ದೆ, ಕೆಂಪು ಖಣದ್ದು, ರೊಕ್ಕಾ ಇಸಗೊಳ್ಳಲಾರದ.
ಓಣಿ ಹೆಂಗಸರು ಎತ್ತಿಕೊಂಡು, ಗಲ್ಲ ಹಿಂಡಿ,
"ನಮ್ಮ ಕೃಷ್ಣ" ಅಂದಿದ್ರು.
ಎಷ್ಟು ಇಂಚು ಬೆಳದ ಮ್ಯಾಲ
ಕುಂಚಿಗಿ ಮುಸುಕಾಕ್ಕೈತಿ?
ನನ್ನ ಟೇಪಿನ್ಯಾಗ ಆ ಗೀಟು ಇಲ್ಲ.

ಮರುದಿನ ಹುಡುಗ ಬಂದ. ಕುತ್ತಿಗಿ ಸುತ್ತ
ದಾರದ ಎಳಿ ಹಂಗ ಜೋತಿದ್ದವು.
"ಕಾಕಾ, ಕಿವಿಗೆ ಥಂಡಿ ಹತ್ತತೈತಿ" ಅಂದ. ಅಷ್ಟ.
ಬ್ಯಾಡಪ್ಪಾ, ನಿಮ್ಮಪ್ಪ ಬೈತಾರ, ಅಂದೆ.
"ಅವರನ್ನೂ ನಿಲ್ಲಿಸ್ತಾರಲ್ಲ ಕಾಕಾ, ಇಸ್ತ್ರಿ ಇದ್ದಾಗನೂ."
ನಾ ಮಷೀನಿಗೆ ಎಣ್ಣಿ ಬಿಡೋ ನೆವ ಮಾಡಿದೆ.

ಟೊಪ್ಪಿಗಿ ಮೊಳಿಗೆ ತೂಗಿತ್ತು. ರಾತ್ರಿ ಅಂಗಡಿ ಮುಚ್ಚಿ
ನನ್ನ ಸ್ವೆಟರಿಗೆ ಗುಂಡಸೂಜಿ ಚುಚ್ಚಿ ತಲಿಗೇರಿಸಿದೆ.
ಖಡೇಬಜಾರದಿಂದ ಶಹಾಪುರದ ತನಕ ನಡದೆ,
ಚೌಕಿ ಮುಂದ ಬೇಕಂತ ನಿಧಾನ,
ಎರಡೂ ಕೈ ಕಿಸೆದಾಗ.
ಪೊಲೀಸ ತಲಿ ಎತ್ತಿದ.
"ಭಾಳ ಥಂಡಿ ಅಲ್ರೀ, ಅಜ್ಜಾರ" ಅಂದ.
ಹೌದ್ರಿ, ಅಂದೆ. ಭಾಳ.

ಬೂದಿ ಬಣ್ಣದ ಗುಂಡಿ ಐದು ಆರಿಸಿಟ್ಟೇನಿ,
ಬೇಕಾದಾಗ ಹಚ್ಚಾಕ, ಬ್ಯಾಡಾದಾಗ ತಗ್ಯಾಕ.
ನಾಳೆ ಇನಾಸ ಬರ್ತಾನೋ, ಅವರಪ್ಪ ಬರ್ತಾನೋ,
ಯಾರ ಕೈಗೆ ಕೊಡಲಿ ಅನ್ನೋದು
ಇನ್ನೂ ಅಳದಿಲ್ಲ.